ಜೀಪಿನ ಎಲುಬು, ಜೀಪಿನ ಮೈ

ಸೊಲ್ಲಾಪುರ–ವಿಜಯಪುರ ಹೆದ್ದಾರಿಯಲ್ಲಿ ಓಡಾಡಿದವರು ಆ ವಿಚಿತ್ರ ವಾಹನವನ್ನು ನೋಡಿಯೇ ಇರುತ್ತಾರೆ. ಎರಡು ಉದ್ದನೆಯ ಉಕ್ಕಿನ ತೊಲೆಗಳು, ಮುಂದೊಂದು ಎಂಜಿನ್, ಕೆಳಗೆ ಗಾಲಿಗಳು. ಬಾಗಿಲಿಲ್ಲ, ಗಾಜಿಲ್ಲ, ಮಾಡಿಲ್ಲ. ತಲೆಗೆ ಮಫ್ಲರ್ ಸುತ್ತಿಕೊಂಡ ಚಾಲಕನೊಬ್ಬ ತಾತ್ಕಾಲಿಕ ಆಸನದ ಮೇಲೆ ಕುಳಿತು, ಗಾಳಿಗೆ ಮುಖವೊಡ್ಡಿ ಅದನ್ನು ಓಡಿಸುತ್ತಿರುತ್ತಾನೆ. ಅದು ಬರಿಯ ಚಾಸಿ. ಗ್ಯಾರೇಜಿನವರ ಬಾಯಲ್ಲಿ ‘ಚೆಸ್ಸಿ’. ಎಲ್ಲೋ ಒಂದು ಕಾರ್ಯಾಗಾರದಲ್ಲಿ ಅದಕ್ಕೆ ಮೈ ಬರುತ್ತದೆ. ಕೆಂಗೇರಿ, ಹಾಸನ, ಹುಬ್ಬಳ್ಳಿಗಳ ಸಾರಿಗೆ ಸಂಸ್ಥೆಯ ಕಾರ್ಯಾಗಾರಗಳಲ್ಲಿ ಇಂಥ ಚಾಸಿಗಳ ಮೇಲೆ ಕಟ್ಟಿದ ಬಸ್ಸುಗಳಲ್ಲಿಯೇ ನಾವೆಲ್ಲ ಪರೀಕ್ಷೆಗೂ ಮದುವೆಗೂ ಹೋದದ್ದು. ನಾವು ನೋಡುವುದು, ಹತ್ತುವುದು, ಬಣ್ಣ ಹೇಳಿ ಗುರುತಿಸುವುದು ಬಾಡಿಯನ್ನು. ಸರಕಾರದ ಕಾಗದ ಗುರುತಿಸುವುದು ಮಾತ್ರ ಚಾಸಿಯನ್ನು. ಅದರ ಮೇಲೆ ಕೊರೆದ ಸಂಖ್ಯೆಯನ್ನು.

ಮೊದಮೊದಲು ಮೋಟಾರುಗಳೆಲ್ಲ ಹೀಗೆಯೇ ಹುಟ್ಟುತ್ತಿದ್ದವು. ಎರಡನೆಯ ಮಹಾಯುದ್ಧದವರೆಗೂ ರೋಲ್ಸ್‌-ರಾಯ್ಸ್ ಕಂಪನಿ ತನ್ನ ಗಿರಾಕಿಗಳಿಗೆ ಮಾರುತ್ತಿದ್ದುದು ಎಂಜಿನ್ ಸಮೇತವಾದ ಚಾಸಿಯನ್ನು ಮಾತ್ರ. ಅದರ ಮೇಲೆ ಎಂಥ ಬಾಡಿ ಬೇಕೆಂಬುದನ್ನು ಕೊಂಡವರೇ ನಿರ್ಧರಿಸಿ, ಹಿಂದೆ ಕುದುರೆ ಸಾರೋಟು ಕಟ್ಟುತ್ತಿದ್ದ ಮನೆತನಗಳ ಕಾರ್ಖಾನೆಗಳಿಗೆ ಕಳುಹಿಸುತ್ತಿದ್ದರು. 1922ರಲ್ಲಿ ಇಟಲಿಯ ಲಾನ್ಸಿಯಾ ಕಂಪನಿ ‘ಲಾಂಬ್ಡಾ’ ಕಾರನ್ನು ತಂದು ಎಲುಬು ಮತ್ತು ಮೈ ಎರಡನ್ನೂ ಒಂದೇ ಮಾಡಿತು. ಮುಂದೆ ಕಾರುಗಳ ಲೋಕ ಬಹುಮಟ್ಟಿಗೆ ಆ ದಾರಿಯನ್ನೇ ಹಿಡಿಯಿತು. ನಮ್ಮ ಅಂಬಾಸಿಡರ್ ಕೂಡ ಈ ಎರಡನೆಯ ಜಾತಿಯದು. ಅದರಲ್ಲಿ ಬಾಡಿಯನ್ನು ಬಿಚ್ಚಿ ಪಕ್ಕಕ್ಕಿಡಲು ಕೆಳಗೆ ಬೇರೆ ಚಾಸಿಯೇ ಇಲ್ಲ. ಹಳೆಯ ಕ್ರಮವನ್ನು ಬಿಡದೆ ನಮ್ಮ ಹಳ್ಳಿಗಳವರೆಗೆ ತಂದ ವಾಹನವೆಂದರೆ ಜೀಪು.

ಭೀಮಾ ತೀರದ ಅಗರಖೇಡದಲ್ಲಿ ಇಂಥದೊಂದು ಜೀಪಿನ ಮೈ ಮತ್ತೆ ಅದರ ಎಲುಬಿನ ಮೇಲೆ ಕೂರುವುದನ್ನು ನಾನು ಮೂರು ದಿನ ನೋಡಿದೆ. ಜೀಪು ನಮ್ಮ ಬಂಧುವೊಬ್ಬರದು. ಊರೆಲ್ಲ ಅವರನ್ನು ಕಾಕಾ ಎನ್ನುತ್ತದೆ, ನಾನೂ ಹಾಗೆಯೇ ಕರೆಯುತ್ತೇನೆ. 1968ರಲ್ಲಿ ಸರಕಾರಿ ಇಲಾಖೆಯೊಂದರ ಹೆಸರಿನಲ್ಲಿ ನೋಂದಣಿಯಾದ ಮಹೀಂದ್ರ ಸಿಜೆ-3ಬಿ ಅದು. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ಮಾದರಿ; 2199 ಸಿಸಿಯ ಪೆಟ್ರೋಲ್ ಎಂಜಿನ್ ಮೊದಲಿನದಕ್ಕಿಂತ ಎತ್ತರವಾದ್ದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಮೆರಿಕದವರಿಗೆ ಈ ಎತ್ತರದ ಮೂಗು ಅಷ್ಟಾಗಿ ಹಿಡಿಸಲಿಲ್ಲವಂತೆ. ನಮಗೆ ಮಾತ್ರ ಜೀಪೆಂದರೆ ಅದೇ ಮುಖ. ಇದೇ ಮುಖದ ವಾಹನಗಳಲ್ಲಿ ತಹಸೀಲ್ದಾರರು ಬಂದರು, ದೇವಿ ಹಾಕುವವರು ಬಂದರು, 1972ರ ಬರಗಾಲದಲ್ಲಿ ಕಾಮಗಾರಿಯ ಲೆಕ್ಕ ಹಿಡಿದವರು ಬಂದರು, ಚುನಾವಣೆಯಲ್ಲಿ ಧ್ವನಿವರ್ಧಕ ಕಟ್ಟಿಕೊಂಡವರೂ ಬಂದರು. ಸರಕಾರದ ಕೈಯಲ್ಲಿ ಸವೆದ ಜೀಪುಗಳು ಹರಾಜಿನಲ್ಲಿ ರೈತರ ಅಂಗಳ ಸೇರಿದವು. ಕಾಕಾ ಇದನ್ನು ಕೊಂಡದ್ದು 1979ರಲ್ಲಿ.

ಎರೆ ಭೂಮಿ ಜೀಪಿಗೆ ಮಿತ್ರನೂ ಹೌದು, ಶತ್ರುವೂ ಹೌದು. ಮಳೆಗಾಲದಲ್ಲಿ ಬೇರೆ ವಾಹನಗಳು ನಿಂತಲ್ಲೇ ನಿಂತಾಗ ನಾಲ್ಕು ಗಾಲಿಗಳಿಗೂ ಶಕ್ತಿ ಕೊಡುವ ಜೀಪು ಒಂದಿಷ್ಟು ದೂರವಾದರೂ ಹೋಗುತ್ತದೆ. (ಹೊಲದ ನಡುವೆ ಸಿಕ್ಕಿಬಿದ್ದ ಜೀಪನ್ನು ಎತ್ತು ಕಟ್ಟಿ ಎಳೆದ ಕಥೆಗಳೂ ಈ ಸೀಮೆಯಲ್ಲಿ ಬೇಕಾದಷ್ಟಿವೆ.) ಆದರೆ ಆ ಕಪ್ಪು ಮಣ್ಣು ಒಮ್ಮೆ ತಳಕ್ಕೆ ಮೆತ್ತಿಕೊಂಡರೆ ವಾರಗಟ್ಟಲೆ ತೇವ ಹಿಡಿದಿಡುತ್ತದೆ. ಹಳೆಯ ವಿಲ್ಲಿಸ್ ವಿನ್ಯಾಸದಲ್ಲಿ ಇನ್ನೊಂದು ಐಬೂ ಇದೆ: ತಳದ ತಗಡಿಗೆ ಬಲ ಕೊಡಲು ಅಡಿಯಲ್ಲಿ ಬೆಸೆದ ಟೊಳ್ಳು ಪಟ್ಟಿಗಳ ಒಳಗೆ ಮರದ ತುಂಡು ತುರುಕಿರುತ್ತಾರೆ. ಆ ಮರ ನೀರು ಕುಡಿದು ಕೂತರೆ ಉಕ್ಕು ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಹೊರಗೆ ಬಣ್ಣ ಮಿಂಚುತ್ತಿರುವಾಗಲೇ ಒಳಗೆ ತಳವಿಲ್ಲ. ಕಾಕಾನ ಜೀಪಿನ ಕಾರ್ಖಾನೆಯ ಬಾಡಿ ಹೀಗೆಯೇ ಹೋಯಿತು. 1984ರಲ್ಲಿ ವಿಜಯಪುರದಲ್ಲಿ ಬಾಡಿ ಕಟ್ಟುವವರೊಬ್ಬರು ಅದೇ ಅಳತೆಗೆ ಇನ್ನೊಂದನ್ನು ಕೈಯಿಂದ ಕಟ್ಟಿಕೊಟ್ಟರು. ಅದಕ್ಕೀಗ ನಲವತ್ತು ವರ್ಷ ಮೀರಿದೆ.

ದುರಸ್ತಿಯ ಮಾತು ಬಂದಾಗ ಮನೆಯಲ್ಲಿ ಎರಡು ಪಕ್ಷಗಳಾದವು. ಹರಿಯಾಣದ ಮಂಡಿ ಡಬ್ವಾಲಿ ಜೀಪು ಕಟ್ಟುವುದಕ್ಕೇ ಹೆಸರಾದ ಊರು. ಅಲ್ಲಿ ಹೊಚ್ಚ ಹೊಸ ಬಾಡಿ ಸಿಗುತ್ತದೆ, ನೋಡಲು ಥೇಟ್ ಕಾರ್ಖಾನೆಯದರಂತೆಯೇ ಇರುತ್ತದೆ ಎಂಬುದು ಮಗನ ವಾದ. ಹಳೆಯದನ್ನೇ ಕತ್ತರಿಸಿ, ಬೆಸೆದು, ಉಳಿಸಬೇಕೆಂಬುದು ಕಾಕಾನ ಹಟ. ಇಂಡಿಯಿಂದ ಬಂದ ಹಿರಿಯ ಮಿಸ್ತ್ರಿ ಯಾರ ಪರವನ್ನೂ ವಹಿಸಲಿಲ್ಲ. ಬಾಡಿಯ ತಳವನ್ನು ಉಳಿಯ ಹಿಡಿಯಿಂದ ತಟ್ಟುತ್ತ ಹೋದ. ಎಲ್ಲಿ ದನಿ ಗಟ್ಟಿಯಾಗಿತ್ತೋ ಅಲ್ಲಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದ. ಕೊನೆಗೆ, ‘ಮುಕ್ಕಾಲು ಪಾಲು ಜೀವ ಐತ್ರಿ ಕಾಕಾ, ಕಾಲು ಪಾಲು ಹೊಸಾದು ಹಾಕೂಣು’ ಅಂದ. ಅಷ್ಟಕ್ಕೇ ತೀರ್ಮಾನವಾಯಿತು.

ಬಾಡಿ ಪಕ್ಕಕ್ಕೆ ಹೋದ ಮೇಲೆ ಚಾಸಿಯ ಪಾಳಿ. ಇದನ್ನು ಕೆರೆದು, ಬಣ್ಣ ಬಳಿದು ಬಿಟ್ಟರೆ ಆಯಿತು ಎಂದುಕೊಳ್ಳುವವರೇ ಹೆಚ್ಚು. ಮಿಸ್ತ್ರಿ ಮೊದಲು ಮಾಡಿದ್ದು ಅಳತೆ. ಗಾಲಿಗಳನ್ನು ಬಿಚ್ಚಿ ಚಾಸಿಯನ್ನು ನಾಲ್ಕು ಊರೆಗಳ ಮೇಲೆ ನಿಲ್ಲಿಸಿದ. ಗೌಂಡಿಗಳು ಬಳಸುವ ಓಳಂಬವನ್ನು ಒಂದೊಂದು ಮೂಲೆಯಿಂದ ಇಳಿಬಿಟ್ಟು ಸಿಮೆಂಟು ನೆಲದ ಮೇಲೆ ಗುರುತು ಹಾಕಿದ. ಆ ಗುರುತುಗಳ ನಡುವೆ ಮೂಲೆಯಿಂದ ಮೂಲೆಗೆ ದಾರ ಹಿಡಿದರೆ ಎರಡೂ ಕರ್ಣಗಳು ಸಮ ಬಂದವು. ಅಂದರೆ ಚಾಸಿ ಅಡ್ಡಡ್ಡ ತಿರುಚಿಕೊಂಡಿರಲಿಲ್ಲ. ಬಳಿಕ ನೀರು ತುಂಬಿದ ಪಾರದರ್ಶಕ ಕೊಳವೆ ಹಿಡಿದು ಎತ್ತರ ನೋಡಿದ. ಹಿಂಬದಿಯ ಬಲಮೂಲೆ ಮೂರು ಸೂತ ಇಳಿದಿತ್ತು. ಒಂದು ಸೂತವೆಂದರೆ ಅಂಗುಲದ ಎಂಟನೆಯ ಒಂದು ಭಾಗ. ಹತ್ತಾರು ಸುಗ್ಗಿಗಳ ಜೋಳದ ಚೀಲ, ಹಿಂದೆ ಜೋತುಬಿದ್ದ ಜನ, ಇವೆಲ್ಲದರ ಭಾರ ಆ ಮೂರು ಸೂತದಲ್ಲಿತ್ತು.

ಕಾಯಿಸಿ ಬಡಿದು ಅದನ್ನು ನೇರ ಮಾಡಬಹುದಲ್ಲ ಎಂದು ನಾನು ಕೇಳಿದೆ. ಮಿಸ್ತ್ರಿ ತಲೆಯಾಡಿಸಿದ. ‘ಬ್ಯಾಡ್ರಿ ಸರ. ಕಾಸಿದ ಜಾಗಾ ಮೆತ್ತಗಾಗ್ತೈತಿ. ಬಾಗಿದ್ದು ಬಾಗಿ ಗಟ್ಟಿ ಕೂತೈತಿ, ಅದನ್ನ ಎಬ್ಬಿಸಬಾರ್ದು.’ ಲೋಹಶಾಸ್ತ್ರ ಓದಿದವರೂ ಇದನ್ನೇ ಬೇರೆ ಮಾತಿನಲ್ಲಿ ಹೇಳಿಯಾರು. ಅಂಕೆಯಿಲ್ಲದ ಕಾವು ಉಕ್ಕಿನ ಬಲವನ್ನು ಕಸಿಯುತ್ತದೆ. ಭಾರ ಹೊರುವ ತೊಲೆಯಲ್ಲಿ ಅಂಥ ಒಂದು ಜಾಗ ಸಾಕು, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಬಾಡಿ ಇಳಿಸುವ ಮುನ್ನ ಮುಗಿಸಲೇಬೇಕಾದ ಕೆಲಸಗಳು ಇನ್ನೂ ಇದ್ದವು. ಈ ಜೀಪಿನಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರ್ ಇರುವುದು ಚಾಲಕನ ಪಾದದ ಕೆಳಗೆ, ಚಾಸಿಗೆ ಅಂಟಿಕೊಂಡು. ಬಾಡಿ ಬಂದು ಕೂತರೆ ಅಲ್ಲಿಗೆ ಕೈ ಹೋಗುವುದು ಕಷ್ಟ. ಆದ್ದರಿಂದ ಬ್ರೇಕಿನ ಕೊಳವೆಗಳನ್ನು ಹೊಸದಾಗಿ ಹಾಕಿ, ಎಣ್ಣೆ ತುಂಬಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಪ್ರತಿ ಕೂಡಿಕೆಯ ಮೇಲೂ ಬೆರಳಾಡಿಸಿ ನೋಡಿದರು. ಬೆರಳು ಒಣಗಿಯೇ ಇತ್ತು. ಪೆಟ್ರೋಲಿನ ಕೊಳವೆ, ಹಿಂದಿನ ದೀಪದ ತಂತಿ ಎಲ್ಲವೂ ಹೀಗೆ ಮೊದಲೇ ಚಾಸಿಗೆ ಅಂಟಬೇಕು. ಹೊರಗಿನವರಿಗೆ ಬಾಡಿ ಕೂರಿಸುವುದು ಒಂದು ಗಳಿಗೆಯ ಕೆಲಸವಾಗಿ ಕಾಣುತ್ತದೆ. ಅದಕ್ಕೆ ಮುಂಚಿನ ಹದಿನೈದು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಬಿಟ್ಟುಹೋದ ಕೆಲಸ ಮಾತ್ರ ಮುಂದೆ ಕಣ್ಣಿಗೆ ಬೀಳುತ್ತದೆ.

ಪಟ್ಟಣದ ಗ್ಯಾರೇಜಾಗಿದ್ದರೆ ಚೈನ್ ಪುಲ್ಲಿಯಿಂದ ಇಳಿಸುತ್ತಿದ್ದರು. ಅಗರಖೇಡದಲ್ಲಿ ಹತ್ತು ಜನ ಬಂದರು. ಸಿಜೆ-3ಬಿಯ ಬಾಡಿ ಬಾಗಿಲಿಲ್ಲದ ತೊಟ್ಟಿಯಂಥದು. ಎತ್ತುವುದು ಕಷ್ಟವಲ್ಲ, ಇಳಿಸುವುದು ಕಷ್ಟ. ಕಾರಣ, ಚಾಸಿಯಿಂದ ಮೇಲಕ್ಕೆ ಚಾಚಿಕೊಂಡಿರುವ ಅಂಗಗಳು ಒಂದೆರಡಲ್ಲ: ಕ್ಲಚ್ಚು ಮತ್ತು ಬ್ರೇಕಿನ ಪೆಡಲುಗಳು, ಗೇರಿನ ಹಿಡಿ, ನಾಲ್ಕು ಗಾಲಿಯ ಓಟಕ್ಕೂ ಕಡಿಮೆ ವೇಗದ ಎಳೆತಕ್ಕೂ ಇರುವ ಎರಡು ಗಿಡ್ಡ ಹಿಡಿಗಳು, ಓರೆಯಾಗಿ ಎದ್ದು ನಿಂತ ಸ್ಟೀರಿಂಗಿನ ಕಂಬ. ಇವೆಲ್ಲಕ್ಕೂ ಬಾಡಿಯ ತಳದಲ್ಲಿ ಒಂದೊಂದು ಕಿಂಡಿ. ಎಲ್ಲ ಕಿಂಡಿಗಳೂ ಒಟ್ಟಿಗೆ ಒದಗಿಬರಬೇಕು. ಮೊದಲು ಮುಂಭಾಗವನ್ನು ತುಸು ಮೇಲೆ ಹಿಡಿದು ಸ್ಟೀರಿಂಗಿನ ಕಂಬವನ್ನು ಒಳಗೆ ಬಿಟ್ಟುಕೊಂಡರು. ಆಮೇಲೆ ಬಾಡಿಯನ್ನು ಮುಂದಕ್ಕೆ ಸರಿಸುತ್ತ, ತಗ್ಗಿಸುತ್ತ ಬಂದರು. ಮಿಸ್ತ್ರಿ ನೆಲದ ಮೇಲೆ ಅಂಗಾತ ಮಲಗಿ ಚಾಸಿಯ ಸಂದಿನಿಂದ ಕೂಗುತ್ತಿದ್ದ. ‘ಎಡಕ್ಕ... ಇನ್ನಷ್ಟು... ಹಾಂ, ಹಂಗ ಹಿಡೀರಿ. ಅವಸರ ಮಾಡಬ್ಯಾಡ್ರಿ, ಅದು ತಾನ ಕುಂಡರತೈತಿ.’ ಚಕ್ಕಡಿಯ ಅಚ್ಚಿನ ಮೇಲೆ ಮೇಲ್ಕಟ್ಟು ಇಳಿಸುವುದನ್ನು ಕಂಡ ಕೈಗಳು ಅವು. ಹೇಳಿದ್ದನ್ನು ಅರ್ಥ ಮಾಡಿಕೊಳ್ಳಲು ಯಾರಿಗೂ ಹೊತ್ತು ಬೇಕಾಗಲಿಲ್ಲ.

ಬಾಡಿ ಇಳಿಯಿತು, ಆದರೆ ಕೂರಲಿಲ್ಲ. ಹತ್ತು ಕಡೆ ಬೋಲ್ಟು ಬೀಳಬೇಕು; ಏಳು ಬಿದ್ದವು. ಬಾನೆಟ್ಟನ್ನು ಇಟ್ಟು ನೋಡಿದರೆ ಎಡಗಡೆ ಬೆರಳು ತೂರುವಷ್ಟು ಸಂದು, ಬಲಗಡೆ ತಗಡಿಗೆ ತಗಡು ಉಜ್ಜುತ್ತಿತ್ತು. ಮುಂದಿನ ಜಾಲರಿ ಚಾಸಿಗೆ ಬೇರೆಯಾಗಿ ಕೂರುವುದರಿಂದ ಬಾಡಿ ಒಂದಿಷ್ಟು ಹೊರಳಿದರೂ ಬಾನೆಟ್ಟು ಅದನ್ನು ಎತ್ತಿ ತೋರಿಸಿಬಿಡುತ್ತದೆ. ಪಾನಾ ಹಾಕಿ ಬಲವಂತವಾಗಿ ಬಿಗಿದರೆ ಎಲ್ಲ ಬೋಲ್ಟುಗಳೂ ಬೀಳುತ್ತಿದ್ದವು, ನಿಜ. ಆದರೆ ಆಗ ಬಾಡಿ ಸದಾ ತಿರುಚಿದ ಸ್ಥಿತಿಯಲ್ಲಿಯೇ ಇರುತ್ತದೆ. ಮೊದಲ ತಗ್ಗು ದಿಣ್ಣೆಯಲ್ಲಿಯೇ ಹೊಸ ಬೆಸುಗೆ ಬಿಟ್ಟುಕೊಳ್ಳುತ್ತದೆ.

ದೋಷ ಇದ್ದದ್ದು ಹೊಸ ರಬ್ಬರುಗಳಲ್ಲಿ. ಚಾಸಿಗೂ ಬಾಡಿಗೂ ನಡುವೆ ಪ್ರತಿ ಬೋಲ್ಟಿನ ಜಾಗದಲ್ಲೂ ಒಂದು ಮೆತ್ತೆ ಇರುತ್ತದೆ. ಗ್ಯಾರೇಜಿನ ಮಾತಿನಲ್ಲಿ ‘ಪ್ಯಾಕಿಂಗ್’. ಉಕ್ಕಿಗೆ ಉಕ್ಕು ತಾಗಿ ಸದ್ದಾಗದಂತೆ, ಸವೆಯದಂತೆ ತಡೆಯುವುದು ಅದರ ಕೆಲಸ. ಮಗ ತರಿಸಿದ್ದ ಹತ್ತೂ ಒಂದೇ ದಪ್ಪದವು. ಬಿಚ್ಚುವಾಗ ಕಾಕಾ ಹಳೆಯ ಪ್ಯಾಕಿಂಗ್‌ಗಳನ್ನು ಒಂದೊಂದಕ್ಕೂ ಸಂಖ್ಯೆ ಬರೆದು ಚೀಲವೊಂದರಲ್ಲಿ ಕಟ್ಟಿಟ್ಟಿದ್ದರು. ಅದನ್ನು ತಂದು ನೆಲದ ಮೇಲೆ ಸಾಲಾಗಿ ಹರಡಿದಾಗ ಮಿಸ್ತ್ರಿಯ ಮುಖ ಅರಳಿತು. ಯಾವುದೂ ಇನ್ನೊಂದರ ಹಾಗಿರಲಿಲ್ಲ. ಹಿಟ್ಟಿನ ಗಿರಣಿಯ ಪಟ್ಟಾದಿಂದ ಕತ್ತರಿಸಿದ ತುಂಡುಗಳವು. ಕೆಲವು ಒಂದೇ ಪದರು, ಕೆಲವು ಎರಡು, ಹಿಂಬದಿ ಬಲಮೂಲೆಯದಂತೂ ಮೂರು ಪದರು. ಬಲಮೂಲೆ ಇಳಿದಿರುವುದು 1984ರಲ್ಲಿಯೇ ಆ ಬಾಡಿ ಕಟ್ಟಿದವರಿಗೆ ಗೊತ್ತಿತ್ತು! ಅವರು ಚಾಸಿಯನ್ನು ಬಡಿಯಲು ಹೋಗಲಿಲ್ಲ. ಇದ್ದ ಚಾಸಿಗೆ ಹೊಂದುವಂತೆ ಬಾಡಿ ಕಟ್ಟಿ, ಉಳಿದ ಅಂತರವನ್ನು ಪಟ್ಟಾದ ತುಂಡುಗಳಿಂದ ತುಂಬಿದ್ದರು. ಎಲ್ಲಿಯೂ ಬರೆದಿಡದ ಅಳತೆ ಆ ಹತ್ತು ತುಂಡುಗಳಲ್ಲಿ ನಲವತ್ತು ವರ್ಷ ಉಳಿದಿತ್ತು.

ಮಿಸ್ತ್ರಿ ಹಳೆಯವುಗಳ ದಪ್ಪ ಅಳೆದು, ಸವೆತಕ್ಕೆ ಒಂದಿಷ್ಟು ಕೂಡಿಸಿ, ಹೊಸ ರಬ್ಬರನ್ನು ಅದೇ ಪ್ರಮಾಣದಲ್ಲಿ ಕತ್ತರಿಸಿದ. ಎರಡನೆಯ ಸಲ ಬಾಡಿ ಇಳಿದಾಗ ಹತ್ತೂ ಬೋಲ್ಟುಗಳು ಕೈಯಿಂದಲೇ ತಿರುಗಿದವು. ಆದರೂ ಬಿಗಿಯಲಿಲ್ಲ. ಜಾಲರಿ, ಮಡ್‌ಗಾರ್ಡು, ಬಾನೆಟ್ಟು ಎಲ್ಲವನ್ನೂ ಸಡಿಲವಾಗಿ ಜೋಡಿಸಿ, ಸಂದುಗಳು ಎರಡೂ ಬದಿ ಸಮವಾದವೆಂದು ಖಾತ್ರಿಯಾದ ಮೇಲೆ ನಡುವಿನಿಂದ ಆರಂಭಿಸಿ ಆ ಕಡೆ ಒಂದು, ಈ ಕಡೆ ಒಂದು ಎಂಬಂತೆ ಬಿಗಿಯುತ್ತ ಹೊರಗೆ ಬಂದರು.

ಈಗ ಕಾಗದದ ಮಾತು. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆಂದೇ ನಿಯಮಗಳನ್ನು ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಪ್ರತ್ಯೇಕವಾದ ‘ವಿಎ’ ಸರಣಿಯ ಸಂಖ್ಯೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಹತ್ತು ವರ್ಷದ ಅವಧಿ. ರಾಜ್ಯ ಮಟ್ಟದ ಸಮಿತಿಯೊಂದು ವಾಹನವನ್ನು ನೋಡಿ ಒಪ್ಪಬೇಕು. ಹಳೆಯ ವಾಹನಗಳನ್ನು ಗುಜರಿಗೆ ಅಟ್ಟುವ ನೀತಿ ಬಂದ ಹೊತ್ತಿನಲ್ಲಿಯೇ ಪರಂಪರೆಗೆ ಒಂದು ಬಾಗಿಲು ತೆರೆದದ್ದು ಒಳ್ಳೆಯ ಕೆಲಸವೇ. ಆದರೆ ಅಲ್ಲೊಂದು ಷರತ್ತಿದೆ: ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿಯ ಕವಚ ಅಥವಾ ಎಂಜಿನ್ನಿನ ಮಾರ್ಪಾಡು ಸೇರಿದಂತೆ ಗಣನೀಯವಾದ ಬದಲಾವಣೆಗೆ ಒಳಗಾಗಿರಬಾರದು. ಇದಕ್ಕೂ ಮೊದಲು, 2019ರ ಜನವರಿಯಲ್ಲಿ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ತಯಾರಕರು ಕೊಟ್ಟ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದಿತ್ತು. ರಸ್ತೆ ಸುರಕ್ಷತೆಯ ದೃಷ್ಟಿಯಿಂದ ಆ ಮಾತಿಗೆ ನನ್ನ ತಕರಾರಿಲ್ಲ. ಜೀಪುಗಳಿಗೆ ಟ್ರ್ಯಾಕ್ಟರಿನ ಗಾಲಿ ಹಾಕಿ ಮೆರೆಯುವವರನ್ನು ಕಂಡವರಾರೂ ತಕರಾರು ತೆಗೆಯಲಾರರು.

ಆದರೆ ಅಗರಖೇಡದ ಜೀಪಿನ ಸ್ಥಿತಿಯನ್ನು ಯೋಚಿಸಿ. ಚಾಸಿ 1968ರದು, ಎಂಜಿನ್ ಅದರದೇ. ಬಾಡಿ 1984ರದು, ಅಳತೆ ಅದೇ ಆದರೂ ಬದಿಯ ತಗಡುಗಳ ಮಡಿಕೆ ಕಾರ್ಖಾನೆಯದರಂತಿಲ್ಲ. ನಿಯಮವನ್ನು ಅಕ್ಷರಶಃ ಓದುವ ಅಧಿಕಾರಿ ಇದು ಮೂಲ ರೂಪವಲ್ಲ ಎಂದು ತಳ್ಳಿಹಾಕಬಹುದು. ಮಗನ ಮಾತು ಕೇಳಿ ಡಬ್ವಾಲಿಯ ಹೊಸ ಬಾಡಿಯನ್ನು ತಂದು ಕೂರಿಸಿದ್ದರೆ ಅದೇ ಅಧಿಕಾರಿಯ ಕಣ್ಣಿಗೆ ಅದು ಹೆಚ್ಚು ‘ಮೂಲ’ವಾಗಿ ಕಾಣುತ್ತಿತ್ತು. ನಲವತ್ತು ವರ್ಷ ಬದುಕಿದ ಮೈ ಅನರ್ಹ, ನಿನ್ನೆ ಹುಟ್ಟಿದ ನಕಲು ಅರ್ಹ! ಅರಮನೆಯಿಂದ ನೇರವಾಗಿ ಸಂಗ್ರಹಾಲಯಕ್ಕೆ ಬಂದ ಕಾರುಗಳಿಗೆ ಈ ತೊಡಕಿಲ್ಲ. ಧರ್ಮಸ್ಥಳದಲ್ಲಿಯೂ, ಶ್ರೀರಂಗಪಟ್ಟಣದ ಸಮೀಪದ ‘ಪಯಣ’ದಲ್ಲಿಯೂ ಅಂಥವನ್ನು ಕಣ್ತುಂಬ ನೋಡಬಹುದು, ನೋಡಬೇಕು ಕೂಡ. ಆದರೆ ದುಡಿದ ವಾಹನಗಳ ಚರಿತ್ರೆ ದುರಸ್ತಿಗಳ ಚರಿತ್ರೆಯೇ. ದುರಸ್ತಿಯನ್ನು ಕಳಂಕವೆಂದು ಎಣಿಸಿದರೆ ಉಳಿಯುವುದು ಶ್ರೀಮಂತರ ಕಾರುಗಳು ಮಾತ್ರ.

ಇದೇ ಪ್ರಶ್ನೆ 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನ ಮುಂದೆ ಬಂದಿತ್ತು. 1929 ಮತ್ತು 1930ರ ಲೆ ಮಾನ್ ಪಂದ್ಯಗಳನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದ್ದ ಕಂಪನಿಯೊಂದು, ಇದರಲ್ಲಿ ಮೂಲದ ಭಾಗಗಳೇ ಇಲ್ಲವೆಂದು ಹಿಂದೆ ಸರಿಯಿತು. ಕಾರು ರೇಸಿನ ವರ್ಷಗಳಲ್ಲಿಯೇ ಮತ್ತೆ ಮತ್ತೆ ಬದಲಾಗಿತ್ತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನ ಅಪಘಾತದ ಬಳಿಕ ಇನ್ನೊಂದೇ ಮೈ ಪಡೆದಿತ್ತು. ನ್ಯಾಯಾಧೀಶ ಆಟನ್ ಅವರು ಬಿಡಿಭಾಗಗಳನ್ನಷ್ಟೇ ಎಣಿಸಿ ಸುಮ್ಮನಾಗಲಿಲ್ಲ. ಆ ಕಾರಿನ ಬದುಕು ಎಲ್ಲಿಯೂ ಕಡಿಯದೆ ಮುಂದುವರಿದಿದೆ, ಹಾಗಾಗಿ ಆ ಹೆಸರಿಗೆ ಅದೇ ಹಕ್ಕುದಾರ ಎಂದರು. ನಮ್ಮ ರೈತರಿಗೆ ಈ ತರ್ಕ ಹೊಸದಲ್ಲ. ಗಾಲಿ ಬದಲಾಗಿ, ಅಚ್ಚು ಬದಲಾಗಿ, ನೊಗ ಬದಲಾದ ಮೇಲೂ ಅದು ‘ಅಪ್ಪನ ಚಕ್ಕಡಿ’ಯೇ.

ನನ್ನ ದೃಷ್ಟಿಯಲ್ಲಿ ಮಾರ್ಪಾಡು ಬೇರೆ, ಅದೇ ಅಳತೆಗೆ ಮಾಡಿದ ಬದಲಿ ಬೇರೆ. ಜೀಪನ್ನು ಉದ್ದ ಮಾಡುವುದು, ಬೇರೆ ಎಂಜಿನ್ ತುರುಕುವುದು ಮಾರ್ಪಾಡು. ತುಕ್ಕು ತಿಂದ ಬಾಡಿಯ ಜಾಗದಲ್ಲಿ ಅದೇ ಆಕಾರದ್ದನ್ನು ಕೂರಿಸಿ ದಶಕಗಟ್ಟಲೆ ಓಡಿಸಿದ್ದು ಆ ವಾಹನದ ಬದುಕಿನ ಭಾಗ. ಯಾವಾಗ, ಎಲ್ಲಿ, ಏನನ್ನು ಬದಲಿಸಲಾಯಿತು ಎಂಬ ಲಿಖಿತ ದಾಖಲೆಯನ್ನು, ಬಿಚ್ಚಿದಾಗಿನ ಮತ್ತು ಕೂರಿಸಿದಾಗಿನ ಛಾಯಾಚಿತ್ರಗಳನ್ನು ಸಮಿತಿ ಪುರಾವೆಯಾಗಿ ಒಪ್ಪಿಕೊಂಡರೆ ಹಳ್ಳಿಯ ವಾಹನಗಳಿಗೂ ಈ ಬಾಗಿಲು ತೆರೆದೀತು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ‘ಗಣನೀಯ’ ಎಂಬ ಪದವನ್ನು ವಿವೇಕದಿಂದ ಓದಿದರೆ ಸಾಕು.

ಹಾಗೆಂದು ಕಾಕಾ ‘ವಿಎ’ ಸಂಖ್ಯೆಗೆ ಹಂಬಲಿಸಿ ಕೂತಿಲ್ಲ. ಆ ಸಂಖ್ಯೆ ಪಡೆದ ವಾಹನವನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ, ದುರಸ್ತಿ ಇಷ್ಟಕ್ಕೇ ಹೊರಗೆ ತೆಗೆಯಬೇಕು. ಕಾಕಾನಿಗೆ ತೋಟಕ್ಕೆ ಹೋಗಬೇಕು, ಇಂಡಿಯ ಸಂತೆಗೆ ಹೋಗಬೇಕು. ಆದ್ದರಿಂದ ಸದ್ಯಕ್ಕೆ ಐದೈದು ವರ್ಷಕ್ಕೊಮ್ಮೆ ನವೀಕರಿಸುವ ಸಾಮಾನ್ಯ ನೋಂದಣಿಯನ್ನೇ ಮುಂದುವರಿಸುತ್ತಾರೆ. ಮಗ ಮಾತ್ರ ಎರಡೂ ಬಗೆಯ ಅರ್ಜಿ ನಮೂನೆಗಳನ್ನು ತಂದಿಟ್ಟುಕೊಂಡಿದ್ದಾನೆ.

ಹೊಸ ರಬ್ಬರು ಭಾರಕ್ಕೆ ಒಂದಿಷ್ಟು ಕುಗ್ಗುತ್ತದೆ, ಆಗ ಬೋಲ್ಟುಗಳು ಸಡಿಲಾಗುತ್ತವೆ. ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿಸಿಕೊಳ್ಳಲು ಮಿಸ್ತ್ರಿ ಹೇಳಿ ಹೋಗಿದ್ದಾನೆ. ಹೋಗುವ ಮುನ್ನ ಹತ್ತೂ ಪ್ಯಾಕಿಂಗ್‌ಗಳ ದಪ್ಪವನ್ನು ಒಂದು ಹಾಳೆಯ ಮೇಲೆ ಮಗನ ಕೈಯಿಂದ ಬರೆಸಿದ. ಆ ಹಾಳೆ ಈಗ ಆರ್‌.ಸಿ. ಪುಸ್ತಕದ ಜೊತೆ, ಅದೇ ಪ್ಲಾಸ್ಟಿಕ್ ಚೀಲದಲ್ಲಿದೆ.